ಹಾಸ್ಟೆಲ್ಲಿನೊಳಗಣ ಸಂಸಾರಿ

ಬೆಳಗ್ಗೆ ಇನ್‌ಷರ್ಟ್ ಮಾಡಿಕೊಂಡು ಕಾಲೇಜಿನಲ್ಲಿ ಥರ್ಮೋಡೈನಮಿಕ್ಸ್ ಪಾಠ ಹೇಳುವ ಮೇಷ್ಟ್ರೇ ರಾತ್ರಿ ಹತ್ತಕ್ಕೆ ಲುಂಗಿ, ಮಂಕಿ ಟೋಪಿ, ಟಾರ್ಚು ಸಮೇತ ಕಾರಿಡಾರಿನಲ್ಲಿ ಪ್ರತ್ಯಕ್ಷ. ಕಂಕುಳಲ್ಲಿ ಹಾಜರಿ ಪುಸ್ತಕ, ಸೊಂಟದಲ್ಲಿ ಬೀಗದಕೈ ಗೊಂಚಲು. ಅದರ ಸದ್ದು ಮೆಟ್ಟಿಲೇರುತ್ತಿದ್ದಂತೆ ಇಸ್ಪೀಟು ದಿಂಬಿನಡಿ ಸೇರುತ್ತದೆ, ಕಾಯಿಲ್ ಹೀಟರು ಬಕೆಟ್ಟಿನಿಂದೆದ್ದು ಟ್ರಂಕು ಸೇರುತ್ತದೆ. ಮೇಷ್ಟ್ರು ಬೇಕೆಂದೇ ಗೊಂಚಲು ಕುಲುಕುತ್ತಾರೆ. ಹಿಡಿದರೆ ವರದಿ ಬರೆಯಬೇಕು, ಅದೂ ಮೂರು ಪ್ರತಿ.

ಮನೆ ಹಾಸ್ಟೆಲ್ಲಿನ ಕೆಳಮಹಡಿಯಲ್ಲೇ. ಬಾಡಿಗೆ ಇಲ್ಲವೆಂದು ಸಹೋದ್ಯೋಗಿಗಳಿಗೆಲ್ಲ ಹೊಟ್ಟೆಕಿಚ್ಚು. ಕಾಟ ತಾಳಲಾರದೆ ಮೇಷ್ಟ್ರೇ ಕಾಲಿಂಗ್ ಬೆಲ್ಲಿನ ತಂತಿ ಕಿತ್ತರು; ಹುಡುಗರು ಈಗ ಕಿಟಕಿ ಬಡಿಯುತ್ತಾರೆ. ‘ನೀರು ಬಂದಿಲ್ಲ ಸಾರ್’, ‘ರೂಮ್‌ಮೇಟ್ ಗೊರಕೆ ಹೊಡೀತಾನೆ ಸಾರ್’. ಮೇಷ್ಟ್ರು ಸಿಗದಿದ್ದರೆ ‘ಆಂಟಿ, ಒಂದು ತಲೆನೋವಿನ ಮಾತ್ರೆ’. ಹೀಗೆ ಆಂಟಿಯೂ ಆದೇಶವಿಲ್ಲದೆ, ಸಂಬಳವಿಲ್ಲದೆ ಉಪವಾರ್ಡನ್ ಆಗಿದ್ದಾರೆ.

ರ‍್ಯಾಗಿಂಗ್ ತಡೆಯಲು ಯುಜಿಸಿ 2009ರಲ್ಲಿ ಮಾಡಿದ ನಿಯಮಾವಳಿ ಏನೆನ್ನುತ್ತದೆ? ಪ್ರತಿ ಹಾಸ್ಟೆಲ್ಲಿಗೂ ಪೂರ್ಣಾವಧಿ ವಾರ್ಡನ್ ಇರಬೇಕು. ಅವರು ಅಲ್ಲೇ ಅಥವಾ ತೀರ ಹತ್ತಿರದಲ್ಲೇ ವಾಸಿಸಬೇಕು. ಯಾವ ಹೊತ್ತಿನಲ್ಲೂ ಫೋನಿಗೆ ಸಿಗಬೇಕು. ಶಿಸ್ತು ಕಾಯುವ ಗತ್ತೂ ಇರಬೇಕು, ಹುಡುಗರ ಮನಸ್ಸರಿತು ಮಾತಾಡುವ ನಯವೂ ಇರಬೇಕು. ನಮ್ಮ ಮೇಷ್ಟ್ರು ಅಲ್ಲೂ ಪೂರ್ಣಾವಧಿ, ಇಲ್ಲೂ ಪೂರ್ಣಾವಧಿ. ಒಂದೇ ದಿನದಲ್ಲಿ ಎರಡು ಪೂರ್ಣಾವಧಿ ಹಿಡಿಸುವ ಸೂತ್ರ ಥರ್ಮೋಡೈನಮಿಕ್ಸಿನಲ್ಲೂ ಇಲ್ಲ.

ಗತ್ತು, ನಯ ಎರಡನ್ನೂ ಅವರು ಒಂದೇ ವಾಕ್ಯದಲ್ಲಿ ಮುಗಿಸುತ್ತಾರೆ. ‘ಅಕ್ಕನ ಮದುವೆ ಸಾರ್, ರಜೆ ಬೇಕು’ ಎಂದು ಹುಡುಗನೊಬ್ಬ ಅದೇ ವರ್ಷ ಮೂರನೇ ಸಲ ಅರ್ಜಿ ತಂದ. ಮೇಷ್ಟ್ರು ರುಜು ಹಾಕುತ್ತ ಕೇಳಿದರು: ‘ಹಳೇ ಭಾವಂದಿರೆಲ್ಲ ಬರ್ತಾರೇನಪ್ಪ?’

ನಡುರಾತ್ರಿ ಯಾರಿಗೋ ಜ್ವರ ಏರಿದರೆ ತಮ್ಮ ಶಾಲನ್ನೇ ಹೊದಿಸಿ, ಸ್ಕೂಟರಿನ ಹಿಂದೆ ಕೂರಿಸಿಕೊಂಡು ಸರ್ಕಾರಿ ಆಸ್ಪತ್ರೆಗೆ ಓಡುವವರೂ ಇವರೇ. ಗ್ಲುಕೋಸು ಏರಿಸಿಕೊಂಡು ಚೇತರಿಸಿಕೊಂಡ ಅದೇ ಹುಡುಗ ವಾರದೊಳಗೆ ಮೆಸ್ ಸಭೆಯಲ್ಲಿ ಎದ್ದುನಿಂತು, ‘ಉಪ್ಪಿಟ್ಟು ಕಾಂಕ್ರೀಟಾಗಿದೆ, ವಾರ್ಡನ್ ಉತ್ತರ ಹೇಳಬೇಕು!’ ಎಂದು ಗುಡುಗುತ್ತಾನೆ. ‘ದನಿ ನೋಡಿದರೆ ಪೂರ್ತಿ ಗುಣವಾಗಿದ್ದಾನೆ’ ಎಂದು ಮೇಷ್ಟ್ರಿಗೆ ಸಮಾಧಾನ.

ಅವರಿಗೆ ನಿಜವಾದ ತಲೆನೋವು ಹುಡುಗರದಲ್ಲ, ಅಪ್ಪಂದಿರದು. ರಾತ್ರಿ ಹನ್ನೊಂದಕ್ಕೆ, ‘ಸಾರ್, ಹುಡುಗ ಫೋನ್ ಎತ್ತುತ್ತಿಲ್ಲ, ಸ್ವಲ್ಪ ನೋಡ್ತೀರಾ?’ ‘ಮಕ್ಕಳನ್ನ ಅವರ ಪಾಡಿಗೆ ಬಿಡಿ ಸ್ವಾಮಿ, ಎಷ್ಟೂಂತ ಹಿಂದೆ ಬೀಳ್ತೀರಿ’ ಎಂದು ಮೇಷ್ಟ್ರು ಬುದ್ಧಿ ಹೇಳುತ್ತಾರೆ.

ಈ ವರ್ಷ ಅವರ ಮಗನೂ ದೂರದೂರಿನ ಹಾಸ್ಟೆಲ್ಲು ಸೇರಿದ. ಮೊನ್ನೆ ರಾತ್ರಿ ಹನ್ನೊಂದೂವರೆಗೆ ಅಲ್ಲಿನ ವಾರ್ಡನ್ನರಿಗೆ ಫೋನು ಹೋಯಿತು.

‘ಸಾರ್, ನಮ್ಮ ಹುಡುಗ ಫೋನ್ ಎತ್ತುತ್ತಿಲ್ಲ...’

ಆ ಕಡೆ ಉದ್ದನೆಯ ಆಕಳಿಕೆ. ‘ಮಲಗಿದ್ದಾನೆ ಸಾರ್. ನಾನೂ ಮಲಗಿದ್ದೆ.’