ನಾಲ್ಕು ಜನರ ಸನ್ನಿಧಾನಕ್ಕೊಂದು ಬಿನ್ನಹ

ಪರಮಪೂಜ್ಯರೂ ಸರ್ವಾಂತರ್ಯಾಮಿಗಳೂ ಆದ ನಾಲ್ಕು ಜನರ ಪಾದಾರವಿಂದಗಳಿಗೆ, ಮಂಡ್ಯ ಸೀಮೆಯ ಸಣ್ಣ ಹಿಡುವಳಿಯ ಮನೆಯವನೊಬ್ಬ ಮಾಡುವ ಸಾಷ್ಟಾಂಗ ನಮಸ್ಕಾರಗಳು.

ಇತ್ತ ನಾವೆಲ್ಲ ಕ್ಷೇಮ. ತಮ್ಮ ಕ್ಷೇಮವನ್ನು ನಾನು ವಿಚಾರಿಸಬಾರದು, ವಿಚಾರಿಸುವುದು ತಮ್ಮ ಕೆಲಸ. ನಮ್ಮ ಮನೆಯಲ್ಲಿ ಯಾರಿಗೆ ಎಷ್ಟು ವಯಸ್ಸಾಯಿತು, ಯಾರ ಕೊರಳು ಬರಿದಾಗಿದೆ, ಮೊನ್ನೆ ಯಾರು ಯಾವ ಬಸ್ಸು ಹತ್ತಿ ಎಲ್ಲಿಗೆ ಹೋದರು ಎಂಬ ಲೆಕ್ಕವನ್ನು ಬಿಡಿಗಾಸಿನ ಸಂಬಳವಿಲ್ಲದೆ ಇಟ್ಟುಕೊಂಡು ಬಂದಿದ್ದೀರಿ. ಜನಗಣತಿಯವರು ಹತ್ತು ವರ್ಷಕ್ಕೊಮ್ಮೆ ಬರುವುದೂ ಅನುಮಾನ. ತಾವು ದಿನಾ ಬರುತ್ತೀರಿ.

ನಮ್ಮವ್ವ ದೇವರನ್ನು ನೆನೆಯುತ್ತಿದ್ದದ್ದು ದಿನಕ್ಕೆರಡು ಸಲ, ದೀಪ ಹಚ್ಚುವಾಗ. ತಮ್ಮನ್ನು ನೆನೆಯುತ್ತಿದ್ದದ್ದಕ್ಕೆ ಲೆಕ್ಕವಿಲ್ಲ. ‘ನಾಲ್ಕು ಜನ ನೋಡಿದ್ರೆ ಏನಂದಾರು?’ ಎಂದೇ ಆಕೆಯ ಬೆಳಗು, ಅದೇ ಬೈಗು. ಚಿಕ್ಕವನಿದ್ದಾಗ ನಾನು ತಮ್ಮನ್ನು ಹುಡುಕಿದ್ದೂ ಉಂಟು. ಅರಳಿಕಟ್ಟೆಯ ಮೇಲೆ ಐದಾರು ಜನ ಇರುತ್ತಿದ್ದರು, ಹಾಲಿನ ಡೇರಿ ಮುಂದೆ ಹತ್ತು ಹನ್ನೆರಡು. ಸರಿಯಾಗಿ ನಾಲ್ಕೇ ಜನ ಎಲ್ಲೂ ಸಿಗಲಿಲ್ಲ.

2000ನೇ ಇಸವಿಯಲ್ಲಿ ಅಕ್ಕನಿಗೆ ಗಂಡು ಗೊತ್ತಾದಾಗ ತಮ್ಮ ದರ್ಶನಭಾಗ್ಯವಾಯಿತು. ಮನೆ ಮುಂದೆ ಚಪ್ಪರ ಹಾಕಿ ಮುಗಿಸೋಣ ಅಂದಿದ್ದ ಅಪ್ಪ. ತಾವು ಬಂದಿರಿ. ಬೈಯಲಿಲ್ಲ, ಜೋರು ಮಾಡಲಿಲ್ಲ. ಜಗಲಿಯ ಮೇಲೆ ಕೂತು, ಎಲೆಗೆ ಸುಣ್ಣ ಹಚ್ಚಿಕೊಳ್ಳುತ್ತಾ, ‘ನಿನ್ನಿಷ್ಟ ಕಣಪ್ಪ. ಇರೋಳು ಒಬ್ಳೇ ಮಗ್ಳು...’ ಎಂದು ಅಲ್ಲಿಗೇ ನಿಲ್ಲಿಸಿದಿರಿ. ಆ ಅರ್ಧ ಮಾತಿನ ಬೆಲೆ 1,20,000 ರೂಪಾಯಿ. ನೂರಕ್ಕೆ ಮೂರು ರೂಪಾಯಿ ಬಡ್ಡಿ. ಅಂದರೆ ತಿಂಗಳಿಗೆ 3,600, ವರ್ಷಕ್ಕೆ 43,200. ಮೂರು ವರ್ಷ ತುಂಬುವುದರೊಳಗೆ ಬಡ್ಡಿಯೇ ಅಸಲನ್ನು ದಾಟುತ್ತದೆ. ಪಟ್ಟಣದಲ್ಲಿ ಇಂಥದ್ದಕ್ಕೆ ವಕೀಲರು ಪುಟಗಟ್ಟಲೆ ಬರೆಯಬೇಕು, ತಾವು ಪೂರ್ಣವಿರಾಮ ಕೂಡ ಹಾಕದೆ ಮುಗಿಸಿದಿರಿ.

ಛತ್ರದ ಮದುವೆ ಆಯಿತು. ಅದಾದ ಮೇಲೆ ಬೀಗರೂಟ. ಎಷ್ಟು ಮರಿ ಕಡಿಸಿದರು ಎಂಬುದರ ಮೇಲೆ ಹೆಣ್ಣು ಹೆತ್ತವನ ಯೋಗ್ಯತೆ ಅಳೆಯುವ ಮಾಪನವನ್ನು ಕಂಡುಹಿಡಿದ ತಮಗೆ ಪ್ರಶಸ್ತಿಯೊಂದು ಬಾಕಿಯಿದೆ. ಅವತ್ತು ಬಡಿಸಲು ನಾನೇ ಓಡಾಡುತ್ತಿದ್ದೆ. ತಮ್ಮಲ್ಲೊಬ್ಬರು ಎಲೆಯ ಮೇಲಿನ ನಲ್ಲಿಮೂಳೆಯನ್ನು ಹೀರಿ, ಪಕ್ಕಕ್ಕಿಟ್ಟು, ಮುದ್ದೆ ಮುರಿಯುತ್ತಾ ಹೇಳಿದರು: ‘ಉಪ್ಪು ಒಂಚೂರು ಮುಂದಾಯ್ತು.’ ಹಿಂದೆ ನಿಂತಿದ್ದ ಅಪ್ಪ ಅದನ್ನು ಕೇಳಿಸಿಕೊಂಡ. ಸಾಲಕ್ಕೆ ಸಹಿ ಹಾಕುವಾಗ ಕಾಣದಿದ್ದ ನಡುಕ ಅವನ ಮುಖದಲ್ಲಿ ಆಗ ಕಂಡಿತು.

ಮುಯ್ಯಿ ಪುಸ್ತಕ ಇನ್ನೂ ನನ್ನ ಹತ್ತಿರ ಇದೆ. 200 ಪುಟದ ನೋಟ್‌ಬುಕ್ಕು, ಮೂಲೆಗಳಿಗೆ ಅರಿಶಿನ, ತಲೆಗೊಂದು ‘ಶ್ರೀ’. ನೀಲಿ ಶಾಯಿಯಲ್ಲಿ 51, 101, ಅಪರೂಪಕ್ಕೊಂದು 501. ಆಮೇಲೆ ಸ್ಟೀಲ್ ಬಿಂದಿಗೆ, ಗೋಡೆ ಗಡಿಯಾರ. ಗಡಿಯಾರವೇ ಹನ್ನೊಂದು. ಮುಯ್ಯಿ ಅನ್ನುವುದು, ಮುಯ್ಯಾಳಿನ ಹಾಗೆ, ಇಲ್ಲದವರು ಇಲ್ಲದವರಿಗಾಗಿ ಕಟ್ಟಿಕೊಂಡ ವ್ಯವಸ್ಥೆ. ಇವತ್ತು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು. ಅದನ್ನು ಪೈಪೋಟಿಗೆ ಹಚ್ಚಿದ್ದು ತಮ್ಮ ಕೈಗುಣ. 101 ಬರೆಸಿದವನ ಮನೆಗೆ 101 ಒಯ್ದರೆ ‘ಕೊಟ್ಟಿದ್ದನ್ನೇ ಕೊಟ್ಟ’ ಎಂದು ತಮ್ಮ ತೀರ್ಪು. ಹೀಗಾಗಿ ಅಪ್ಪ ಪ್ರತಿ ಲಗ್ನದ ಕಾಲಕ್ಕೂ ಈ ಪುಸ್ತಕ ತೆಗೆದು ಕೂರುತ್ತಿದ್ದ, ಸಾಯುವವರೆಗೂ.

ತಮ್ಮ ಗುರುತು ನನಗೆ ಪೂರ್ತಿ ಹತ್ತಿದ್ದು ಬರ ಬಂದು ನಾಲೆಗೆ ನೀರು ನಿಂತ ವರ್ಷ. ಬಡ್ಡಿ ಹಿಂದೆ ಬಿದ್ದು, ನಾಲೆ ಬದಿಯ ಅರ್ಧ ಎಕರೆ ಮಾರಬೇಕಾಯಿತು. ಸಾಲ ಕೊಟ್ಟಿದ್ದವರು ತಮ್ಮಲ್ಲೊಬ್ಬರು. ಗದ್ದೆಯನ್ನು ಬರದ ಬೆಲೆಗೆ ಕೊಂಡವರು ಇನ್ನೊಬ್ಬರು. ಆ ಗದ್ದೆಗೇ ಅಪ್ಪನನ್ನು ಕೂಲಿಗೆ ಕರೆದವರು ಮೂರನೆಯವರು, ಕೊಂಡವರ ತಮ್ಮ. ನಾಲ್ಕನೆಯವರು ಯಾರೆಂದು ಬಹಳ ದಿನ ಯೋಚಿಸಿದೆ. ಎಲೆಯ ಮುಂದೆ ಕೂತು ಉಪ್ಪಿನ ಮಾತಾಡಿದವರೇ ಇರಬೇಕು. ಅವರಿಗೆ ಇದರಲ್ಲಿ ಕಾಸಿನ ಲಾಭವಿಲ್ಲ. ಅವರ ಮನೆಯ ಮೇಲೂ ಸಾಲವಿತ್ತು. ಆದರೂ ಮೂವರ ಪರವಾಗಿ ನಾಲಿಗೆ ಕೊಟ್ಟು ಪುಣ್ಯ ಕಟ್ಟಿಕೊಂಡರು.

ನಾನು ಕೃತಘ್ನನಲ್ಲ. ನಮ್ಮನ್ನು ಕೆಡಿಸಲು ತಾವು ಜಗಲಿಯ ತನಕವಾದರೂ ಬಂದಿರಿ. ಊರಾಚೆಯ ಕೇರಿಗೆ ಅದೂ ಇರಲಿಲ್ಲ. ಅಲ್ಲಿಗೆ ಹೋಗುತ್ತಿದ್ದದ್ದು ತಮ್ಮ ಮಾತು ಮಾತ್ರ. ಕಾರಂತರು 1933ರಲ್ಲೇ ‘ಚೋಮನ ದುಡಿ’ಯಲ್ಲಿ ತಮ್ಮ ಹಿರಿಯರ ಚಿತ್ರ ಬರೆದಿಟ್ಟಿದ್ದಾರೆ. ಅಂಥದೇ ಕೇರಿಯ ಚೋಮನಿಗೆ ಜೋಡೆತ್ತಿತ್ತು, ರಟ್ಟೆಯಲ್ಲಿ ಬಲವಿತ್ತು. ಭೂಮಿ ಕೊಡಲು ಧಣಿ ಸಂಕಪ್ಪಯ್ಯನಿಗೆ ಮನಸ್ಸೂ ಬಂದಿತ್ತು. ಆ ಜಾತಿಯವನು ಬೇಸಾಯ ಮಾಡುವುದುಂಟೇ ಎಂದು ಧಣಿಯ ತಾಯಿ ಅಡ್ಡ ಬಂದರು. ಅಲ್ಲಿಗೆ ಮುಗಿಯಿತು. ಇತ್ತ ಮಕ್ಕಳು ಕಾಫಿ ತೋಟದ ಸಾಲ ತೀರಿಸಲು ಹೋದರು, ಎತ್ತು ಕೊಟ್ಟಿಗೆಯಲ್ಲಿ ಉಳಿಯಿತು. ಇದನ್ನೆಲ್ಲ ನೋಡಿದ ತಾವು ಒಂದೇ ಮಾತಿನಲ್ಲಿ ವಿವರಿಸುತ್ತೀರಿ: ‘ಅವ್ನು ಪಡ್ಕೊಂಡು ಬಂದಿದ್ದು.’ ಹಣೆಯ ಮೇಲೆ ಬ್ರಹ್ಮ ಬರೆದ ಅಕ್ಷರವನ್ನು ನಾನು ಓದಿಲ್ಲ. ಪ್ರೋನೋಟಿನ ಅಕ್ಷರ ಓದಿದ್ದೇನೆ. ಕೈಬರಹ ಒಂದೇ ಇರಬಹುದೆಂದು ನನ್ನ ಗುಮಾನಿ, ಕ್ಷಮಿಸಬೇಕು.

1976 ಮಾತ್ರ ತಮ್ಮ ಜಾತಕದಲ್ಲಿ ಶನಿ ಕಾಟದ ವರ್ಷ. ಜೀತ ಪದ್ಧತಿ ರದ್ದತಿಯ ಕಾಯ್ದೆ ಬಂತು. ಗಂಡಾಳಿಗೂ ಹೆಣ್ಣಾಳಿಗೂ ಒಂದೇ ಕೂಲಿ ಎಂಬ ಕಾಯ್ದೆ ಬಂತು. ದೇವರಾಜ ಅರಸರ ಸರ್ಕಾರ ಸಣ್ಣ ರೈತರ, ಕೂಲಿಗಳ ಸಾಲಕ್ಕೆ ಋಣಪರಿಹಾರದ ಕಾಯ್ದೆ ತಂದಿತು. ವರದಕ್ಷಿಣೆ ನಿಷೇಧವಂತೂ 1961ರಿಂದಲೇ ಇತ್ತು. ತಾವು ಯಾವುದನ್ನೂ ವಿರೋಧಿಸಲಿಲ್ಲ, ಕೋರ್ಟಿಗೂ ಹೋಗಲಿಲ್ಲ. ‘ಕಾನೂನು ಕಾನೂನಿನ ಜಾಗದಲ್ಲಿರಲಿ, ಊರಲ್ಲಿ ಮರ್ಯಾದೆ ಅನ್ನೋದೊಂದಿದೆಯಲ್ಲ’ ಎಂದಿರಿ. ಹೆಣ್ಣಾಳಿನ ಕೂಲಿ ನಮ್ಮೂರ ಗದ್ದೆಯಲ್ಲಿ ಇವತ್ತಿಗೂ ಗಂಡಾಳಿನದಕ್ಕಿಂತ ಕಡಿಮೆ.

ಊರಹಬ್ಬದ ವಂತಿಗೆಯ ವಿಷಯದಲ್ಲಿ ತಮ್ಮ ಸಮತಾವಾದಕ್ಕೆ ತಲೆಬಾಗುತ್ತೇನೆ. ಇಪ್ಪತ್ತು ಎಕರೆಯವನಿಗೂ ಒಂದೆಕರೆಯವನಿಗೂ ಮನೆಗಿಷ್ಟು ಎಂದು ಒಂದೇ ದರ. ಬೇರೆಲ್ಲೂ ಕಾಣದ ಸಮಾನತೆ.

ಇತ್ತೀಚೆಗೆ ತಾವು ಅರ್ಥಶಾಸ್ತ್ರಕ್ಕೂ ಕೈ ಹಾಕಿದ್ದೀರಿ. 2013ರಲ್ಲಿ ಅನ್ನಭಾಗ್ಯದ ಅಕ್ಕಿ ಬಂದಾಗ ಶುರುವಾದ ತಮ್ಮ ಚಿಂತೆ, 2023ರಲ್ಲಿ ಹೆಂಗಸರು ಟಿಕೆಟ್ಟಿಲ್ಲದೆ ಬಸ್ಸು ಹತ್ತಿದ ಮೇಲೆ, ಗೃಹಲಕ್ಷ್ಮಿಯ 2,000 ಖಾತೆಗೆ ಬಿದ್ದ ಮೇಲೆ ವಿಪರೀತವಾಗಿದೆ. ‘ಬಿಟ್ಟಿ ಕೊಟ್ಟು ಸೋಮಾರಿಗಳನ್ನ ಮಾಡಿದ್ರು, ಆಳೇ ಸಿಗ್ತಿಲ್ಲ’ ಎಂದು ಕಟ್ಟೆಯ ಮೇಲೆ ಕಣ್ಣೀರಿಡುತ್ತೀರಿ. ಆಳು ಸಿಗುತ್ತಾರೆ ಸ್ವಾಮಿ. ಹಳೆಯ ಕೂಲಿಗೆ ಸಿಗುವುದಿಲ್ಲ ಅಷ್ಟೆ. ಸಾವಿರ ಜನಕ್ಕೆ ಊಟ ಹಾಕಿ ಸಾಲ ಮಾಡಿದವನನ್ನು ‘ಗಂಡಸು’ ಅಂದ ತಾವು, ಐದು ಕೆ.ಜಿ. ಅಕ್ಕಿ ತಂದು ಸಾಲವಿಲ್ಲದೆ ಉಂಡವಳನ್ನು ಸೋಮಾರಿ ಅನ್ನುವಾಗ ಯಾವ ತಕ್ಕಡಿ ಬಳಸುತ್ತೀರಿ ಎಂಬುದನ್ನು ಬಿಡುವಾದಾಗ ತಿಳಿಸಬೇಕು.

ಒಂದು ಅರಿಕೆ. ತಮ್ಮ ಬಾಯಿಗೆ ಇಷ್ಟು ಶಕ್ತಿಯಿದೆಯಲ್ಲ, ಅದನ್ನು ಒಮ್ಮೆ ಬೇರೆ ಕಡೆಗೂ ತಿರುಗಿಸಿ ನೋಡಿ. ‘ಆ ಹುಡುಗಿನ ಪಿಯುಸಿಗೇ ಬಿಡಿಸಿದ್ರಂತೆ, ಛೇ’ ಅನ್ನಿ. ‘ಮೂರು ರೂಪಾಯಿ ಬಡ್ಡಿ ತಿಂತಾನಂತೆ, ಅವನ ಮನೇಲಿ ನೀರೂ ಮುಟ್ಟಬಾರದು’ ಅನ್ನಿ. ಮುಟ್ಟಬಾರದು ಅನ್ನುವುದು ತಮಗೆ ಅಭ್ಯಾಸವಿರುವ ಮಾತೇ. 1966ರಲ್ಲಿ ಕುವೆಂಪು ಮಗ ತೇಜಸ್ವಿಯ ಮದುವೆಯನ್ನು ಮಂತ್ರಮಾಂಗಲ್ಯದಲ್ಲಿ ಸರಳವಾಗಿ ಮಾಡಿದರು. 1972ರಿಂದ ಧರ್ಮಸ್ಥಳದಲ್ಲಿ ಸಾಮೂಹಿಕ ವಿವಾಹಗಳು ನಡೆಯುತ್ತಿವೆ. ಎರಡನ್ನೂ ತಾವು ಬಾಯಿ ತುಂಬ ಹೊಗಳುತ್ತೀರಿ, ಬೇರೆಯವರ ಮಕ್ಕಳಿಗೆ ಎಂದು.

ಅಕ್ಕನ ಮದುವೆ ಸಾಲ ತೀರಿದ್ದು 2018ರಲ್ಲಿ. ಅದೇ ವರ್ಷ ಅಕ್ಕನ ಮಗಳು ಎಸ್ಸೆಸ್ಸೆಲ್ಸಿ ಬರೆದಳು. ಈಗ ಅವಳು ಕೆಲಸದಲ್ಲಿದ್ದಾಳೆ, ಹುಡುಗನನ್ನು ತಾನೇ ನೋಡಿಕೊಂಡಿದ್ದಾಳೆ. ಮದುವೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ, 1954ರ ವಿಶೇಷ ವಿವಾಹ ಕಾಯ್ದೆಯಡಿ. ಲಗ್ನಪತ್ರಿಕೆ ಅಚ್ಚು ಹಾಕಿಸಿಲ್ಲ. ಮೂವತ್ತು ದಿನದ ನೋಟಿಸನ್ನು ಕಚೇರಿಯಲ್ಲಿ ಅಂಟಿಸುತ್ತಾರಂತೆ, ಅದನ್ನೇ ಆಮಂತ್ರಣವೆಂದು ಭಾವಿಸಿ ಓದಿಕೊಳ್ಳಬೇಕಾಗಿ ಪ್ರಾರ್ಥನೆ. ಬೀಗರೂಟ ಇರುವುದಿಲ್ಲ. ಉಪ್ಪಿನ ಬಗ್ಗೆ ನಿಶ್ಚಿಂತರಾಗಿರಿ.

ಇತಿ ತಮ್ಮ ವಿಧೇಯ,
ಮುಯ್ಯಿ ಪುಸ್ತಕದ ವಾರಸುದಾರ

ತಾ.ಕ.: ತಾವಿಲ್ಲದೆ ಕಾರ್ಯ ನಡೆದೀತೇ ಎಂದು ನನ್ನವ್ವನಿಗೆ ಈಗಲೂ ದಿಗಿಲು. ಕಚೇರಿಯಲ್ಲಿ ವಿಚಾರಿಸಿ ಬಂದೆ. ಸಾಕ್ಷಿಗೆ ಮೂರು ಜನ ಸಾಕು.