ಆಳಂದ–ಅಫಜಲಪುರ–ಜೇವರ್ಗಿ ಪರಿಸರದ ಸಂಚಾರ ವಿಕಲ್ಪ ಮೀಮಾಂಸೆ

ಕಲಬುರಗಿ ಜಿಲ್ಲೆಯ ಈ ಮೂರು ತಾಲ್ಲೂಕುಗಳ ‘ಬಹುಮಾದರಿ ಚಲನಶೀಲತಾ ಸಂಯೋಜನೆ’ಯನ್ನು ಸೈದ್ಧಾಂತಿಕ ಚೌಕಟ್ಟಿನೊಳಗೆ ಸಮಸ್ಯೀಕರಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಪ್ರಯಾಣಿಕನು ವಾಹನವನ್ನು ಆರಿಸಿಕೊಳ್ಳುತ್ತಾನೆ ಎಂಬುದು ಪೂರ್ವಸೂರಿಗಳ ಮತ. ಇಲ್ಲಿ ವಾಹನವೇ ಪ್ರಯಾಣಿಕನನ್ನು ಆರಿಸಿಕೊಳ್ಳುತ್ತದೆ ಎಂಬುದು ನಮ್ಮ ಪ್ರತಿಪಾದನೆ. ವಾಹನಗಳಲ್ಲಿ ಏಳು ಪ್ರವರ್ಗಗಳಿವೆ. ಮೊದಲನೆಯದು ಲೋಹಪಥಾಶ್ರಿತ. ಮುಂಬೈ–ಚೆನ್ನೈ ರೈಲು ಮಾರ್ಗ ಜಿಲ್ಲೆಯನ್ನು ಸೀಳಿಕೊಂಡು ಹೋದರೂ ಮೂರು ತಾಲ್ಲೂಕು ಕೇಂದ್ರಗಳಲ್ಲಿ ಒಂದನ್ನೂ ಮುಟ್ಟಿಲ್ಲ. ಗಾಣಗಾಪುರ ರೋಡ್ ಎಂಬ ನಿಲ್ದಾಣವೇನೋ ಇದೆ. ಆದರೆ ಭೀಮಾ–ಅಮರ್ಜಾ ಸಂಗಮದ ದತ್ತಾತ್ರೇಯ ಅಲ್ಲಿಂದ ಸುಮಾರು 20 ಕಿ.ಮೀ. ದೂರ. ಎರಡನೆಯದು ನಿಗಮಾಶ್ರಿತ. 2000ರಲ್ಲಿ ಈಶಾನ್ಯ ಸಾರಿಗೆ ಸಂಸ್ಥೆಯಾಗಿ ಹುಟ್ಟಿದ್ದು 2021ರಲ್ಲಿ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮವಾಯಿತು. ನಾಮಕರಣ ಸಾಂಗವಾಗಿ ನಡೆಯಿತು. ಮೂರನೆಯದು ತ್ರಿಚಕ್ರಾತ್ಮಕ, ಅಂದರೆ ಟಂಟಂ. ನಾಲ್ಕನೆಯದು ಊರ್ಧ್ವಾರೋಹಿ ಕ್ರೂಸರ್: ಒಳಗೆ ತುಂಬಿದ ಮೇಲೆ ಹಿಂದಿನ ಏಣಿ, ಏಣಿ ತುಂಬಿದ ಮೇಲೆ ಟಾಪು. ವಾಹನದ ಮೇಲೆ, ಹೊರಗೆ ಜನ ಕೂರಬಾರದೆಂದು 1988ರ ಮೋಟಾರು ವಾಹನ ಕಾಯ್ದೆಯ 123ನೇ ಕಲಂ ಹೇಳುತ್ತದೆ. ಡ್ರೈವರ್ ‘ಜರಾ ಸರೀರಿ, ಇನ್ನಿಬ್ರು ಕೂಡ್ತಾರ’ ಎಂದೊಡನೆ ಆ ಕಲಮೂ ಸರಿದು ಜಾಗ ಬಿಡುತ್ತದೆ. ಉಳಿದ ಮೂರು ಪ್ರವರ್ಗಗಳನ್ನು ಬೇರೆ ಬೇರೆಯಾಗಿ ವರ್ಣಿಸುವುದರಲ್ಲಿ ಅರ್ಥವಿಲ್ಲ. ಟ್ರ್ಯಾಕ್ಟರ್ ಟ್ರಾಲಿ, ಟಾಟಾ ಏಸ್, ಲಾರಿ, ಯಾವುದು ನಿಂತರೆ ಅದು.

ಇದಕ್ಕೊಂದು ಆಕ್ಷೇಪ ಬರುತ್ತದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಲ್ಲವೆ? ಹೌದು, ಒಳ್ಳೆಯ ಯೋಜನೆಯೇ. ತವರಿಗೆ, ದವಾಖಾನೆಗೆ, ಸಂತೆಗೆ ಕೈಯಲ್ಲಿ ಕಾಸಿಲ್ಲದೆಯೂ ಹೋಗಿಬರಬಹುದು. ಆದರೆ ಅದು ಟಿಕೆಟಿನ ಯೋಜನೆ, ವೇಳಾಪಟ್ಟಿಯದಲ್ಲ. ತೊಗರಿ ಹೊಲಕ್ಕೆ ಕಳೆ ತೆಗೆಯಲು ಹೋಗುವವಳಿಗೆ ಬಸ್ಸು ಬೇಕಾಗುವುದು ಬೆಳಕು ಹರಿಯುವ ಹೊತ್ತಿಗೆ, ಮತ್ತೆ ಹೊತ್ತು ಮುಳುಗುವ ಹೊತ್ತಿಗೆ. ಅದೂ ಹೆದ್ದಾರಿ ಬಿಟ್ಟು ಒಳಗಿರುವ ಊರಿಗೆ. ಆ ಹೊತ್ತಿಗೆ, ಆ ದಾರಿಗೆ ಬರುವುದು ಕೂಲಿಯಾಳುಗಳನ್ನು ಕರೆದೊಯ್ಯುವ ಮುಕಾದಮನ ಗಾಡಿ. ತಿಳಿವಳಿಕೆ ಇಲ್ಲದ್ದಕ್ಕೆ ಹತ್ತುತ್ತಾರೆ, ಜಾಗೃತಿ ಮೂಡಿಸಬೇಕು ಎನ್ನುವುದು ಎರಡನೇ ಆಕ್ಷೇಪ. ಗಾಡಿ ಮಗುಚಬಹುದೆಂಬುದು ಹತ್ತುವವರಿಗೆ ಗೊತ್ತಿಲ್ಲ ಎಂದುಕೊಳ್ಳಲು ಬಹಳ ಓದಿರಬೇಕು. ಹತ್ತದಿದ್ದರೆ ಆ ದಿನದ ಕೂಲಿ ಇಲ್ಲವೆಂಬುದೂ ಅವರಿಗೆ ಗೊತ್ತು.

ಇನ್ನು ಕಾನೂನಿನ ಮೀಮಾಂಸೆ. ಸರಕು ವಾಹನದಲ್ಲಿ ಸುಮ್ಮನೆ ಹತ್ತಿಕೊಂಡ ಪ್ರಯಾಣಿಕರಿಗೆ ವಿಮಾ ಕಂಪನಿ ಹೊಣೆಯಲ್ಲವೆಂದು ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿತು. 1994ರ ತಿದ್ದುಪಡಿಯ ಪ್ರಕಾರ ಹಾಗೆ ಹತ್ತಿದವರಲ್ಲಿ ಸರಕಿನ ಜೊತೆ ಹೋಗುವ ಅದರ ಮಾಲೀಕನಿಗೆ ಅಥವಾ ಅವನ ಅಧಿಕೃತ ಪ್ರತಿನಿಧಿಗೆ ಮಾತ್ರ ವಿಮೆಯ ರಕ್ಷಣೆಯಿದೆ. ಅಂದರೆ ತನ್ನ ತೊಗರಿ ಚೀಲದ ಮೇಲೆ ಕೂತು ಆಳಂದದ ಮಾರ್ಕೆಟ್ಟಿಗೆ ಹೊರಟವನು ಕಾನೂನಿನ ಕಣ್ಣಿಗೆ ಬೀಳುತ್ತಾನೆ. ಆ ತೊಗರಿಯನ್ನು ಕೊಯ್ದು, ಬುತ್ತಿಗಂಟು ಕುರ್ಪಿ ಮಡಿಲಲ್ಲಿಟ್ಟುಕೊಂಡು ಅದೇ ಗಾಡಿಯ ಮೂಲೆಯಲ್ಲಿ ಕೂತ ಹೆಣ್ಣಾಳು ಬೀಳುವುದಿಲ್ಲ. ಇದನ್ನು ಯಾವ ಪ್ರವರ್ಗಕ್ಕೆ ಸೇರಿಸುವುದು? ಗಾಡಿ ಮಗುಚಿದ ಮೇಲೆ ಪರಿಹಾರಕ್ಕಾಗಿ ಅವಳ ಮಕ್ಕಳು ಹಿಡಿಯಬೇಕಾದದ್ದು ಗಾಡಿಯ ಮಾಲೀಕನನ್ನು. ಅವನ ಆಸ್ತಿಯೆಂದರೆ ಎಷ್ಟೋ ಸಲ ಆ ಮಗುಚಿದ ಗಾಡಿಯೇ. ಚಲನಶೀಲತೆ, ಸಂಯೋಜನೆ, ಕೊನೆಯ ಮೈಲಿ ಎಂದು ವಿಚಾರ ಸಂಕಿರಣ ಏರ್ಪಡಿಸುವ ಮಾನ್ಯರೆ, ಒಂದು ಸಂಕಿರಣ ಕಮ್ಮಿ ಮಾಡಿ. ಸುಗ್ಗಿಯ ದಿನಗಳಲ್ಲಾದರೂ ನಸುಕಿಗೊಂದು, ಸಂಜೆಗೊಂದು ಬಸ್ಸನ್ನು ಒಳಗಿನ ಊರುಗಳಿಗೆ ಬಿಡಿಸಿ.