ಬಾಯಿ ಮುಚ್ಚದ ಡಬ್ಬ

ಹಳೆಯ ಡಬ್ಬಾ ಟಿ.ವಿ.ಗಳು ಸುಲಭಕ್ಕೆ ಸಾಯುವುದಿಲ್ಲ. ಚಿತ್ರ ತುಸು ಮಂಕಾಗುತ್ತದೆ, ರಿಮೋಟಿಗೆ ರಬ್ಬರ್ ಬ್ಯಾಂಡ್ ಬೀಳುತ್ತದೆ, ಅಷ್ಟೆ. ನಮ್ಮ ಮನೆಯ 29 ಇಂಚಿನದಕ್ಕೆ ಮೊದಲು ಕೆಟ್ಟದ್ದು ಕಂಠ. ಸ್ಪೀಕರಿನ ಕಾಗದದ ಕೋನ್ ಅಂಚಿನಲ್ಲಿ ಹರಿದು, ವಾರ್ತೆ ಓದುವವರೆಲ್ಲ ನೆಗಡಿ ಹಿಡಿದವರಂತೆ ಮಾತಾಡತೊಡಗಿದರು. ಧಾರಾವಾಹಿಯ ಅತ್ತೆಯ ಮುಖವನ್ನು ಮೂರು ದಿಕ್ಕಿನಿಂದ ತೋರಿಸಿ ಧಡಾರ್ ಧಡಾರ್ ಎನ್ನಿಸುವಾಗಲಂತೂ ಹಿಂಬದಿಯ ಪ್ಲಾಸ್ಟಿಕ್ಕೂ ನಡುಗಿ, ಆಕೆಯ ಸಿಟ್ಟು ನಮ್ಮ ಷೋಕೇಸಿನ ಗೊಂಬೆಗಳವರೆಗೂ ತಲುಪುತ್ತಿತ್ತು.

ಹೊಸದು ತರೋಣವೆಂದರೆ ಅಪ್ಪ ಒಪ್ಪಲಿಲ್ಲ. "ಕಣ್ಣು ಚೆನ್ನಾಗಿರೋವಾಗ ಗಂಟಲು ಕೆಟ್ಟಿತು ಅಂತ ಯಾರನ್ನಾದ್ರೂ ಮನೆಯಿಂದ ಆಚೆ ಹಾಕ್ತಾರೇನೋ?"

ಸರಿ, ಅಟ್ಟದಿಂದ ಹಳೆಯ ಮ್ಯೂಸಿಕ್ ಸಿಸ್ಟಮ್ ಇಳಿಸಿ, ಸೆಟ್‌ಟಾಪ್ ಬಾಕ್ಸಿನ ಕೆಂಪು, ಬಿಳಿ ಪಿನ್ನುಗಳನ್ನು ಅದಕ್ಕೆ ಚುಚ್ಚಿದೆವು. ಟಿ.ವಿ.ಗೆ ಹೋದದ್ದು ಚಿತ್ರದ ಹಳದಿ ಪಿನ್ನು ಮಾತ್ರ. ಶಬ್ದದ ತಂತಿಯೇ ಇಲ್ಲದ ಮೇಲೆ ಅದೇನು ಮಾತಾಡೀತು ಎಂದುಕೊಂಡರೆ, ಗುಂಯ್ ಎಂದು ಶುರುವಾಯಿತು. ವಾಲ್ಯೂಮು ಸೊನ್ನೆಗಿಳಿಸಿದರೂ ಗುಂಯ್, ಮ್ಯೂಟ್ ಒತ್ತಿದರೂ ಗುಂಯ್. ಒಳಗೆ ಕರೆಂಟನ್ನು ಸೋಸುವ ಕೆಪಾಸಿಟರ್ ಒಣಗಿದರೆ ಹೀಗೆ ಗುನುಗುತ್ತದಂತೆ. ಹೇಳುವುದಕ್ಕೆ ಏನೂ ಇಲ್ಲದಿದ್ದರೂ ಸುಮ್ಮನಿರಲಾರದವರು ನಮ್ಮ ನೆಂಟರಲ್ಲೂ ಇದ್ದಾರೆ. ಆ ಮಾತು ಬೇಡ.

ಅಪ್ಪ ಸ್ಕ್ರೂಡ್ರೈವರ್ ಹಿಡಿದು ಎದ್ದರು. ಹಿಂದಿನ ಮುಚ್ಚಳ ಬಿಚ್ಚಿ ಸ್ಪೀಕರಿನ ತಂತಿ ಕತ್ತರಿಸಿದರಾಯಿತಂತೆ! ಅಂಥ ಪಿಕ್ಚರ್ ಟ್ಯೂಬಿಗೆ ಹೋಗುವುದು 25,000 ವೋಲ್ಟಿನ ಆಸುಪಾಸು. ಪ್ಲಗ್ ಕಿತ್ತ ಮೇಲೂ ಆ ಗಾಜಿನ ಬುರುಡೆ ಅದನ್ನು ಬಹಳ ಹೊತ್ತು ಹಿಡಿದಿಟ್ಟುಕೊಂಡು, ಮುಟ್ಟಿದವರಿಗೆ ಕೊಡುತ್ತದೆ. ಕತ್ತರಿಸಿದ ತಂತಿಗಳ ತುದಿ ಒಂದಕ್ಕೊಂದು ತಗುಲಿದರೆ ಆಡಿಯೋ ಐಸಿಯೂ ಹೋದೀತು. ಇಷ್ಟು ಹೇಳಿದರೂ ಅಪ್ಪ ಹೆದರಲಿಲ್ಲ. ಅಮ್ಮ ಸ್ಕ್ರೂಡ್ರೈವರನ್ನು ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟಳು.

ಕೊನೆಗೆ ರಿಪೇರಿಯವನು ಬಂದ. ಚೀಲದಿಂದ ತಂತಿಯೇ ಇಲ್ಲದ ಒಂದು ಬೋಳು ಹೆಡ್‌ಫೋನ್ ಪಿನ್ನು ತೆಗೆದು, ಟಿ.ವಿ.ಯ ಪಕ್ಕದ ತೂತಿಗೆ ತುರುಕಿದ. ಗುಂಯ್ ನಿಂತಿತು. ಆ ತೂತಿನೊಳಗೆ ಸಣ್ಣ ಲೋಹದ ಪಟ್ಟಿ ಇರುತ್ತದೆ. ಪಿನ್ನು ಒಳಹೊಕ್ಕು ಅದನ್ನು ಪಕ್ಕಕ್ಕೆ ತಳ್ಳಿದರೆ ಸ್ಪೀಕರಿನ ಸಂಪರ್ಕ ತಪ್ಪುತ್ತದೆ. ಪಿನ್ನಿನ ಇನ್ನೊಂದು ತುದಿಯಲ್ಲಿ ಕಿವಿ ಇದೆಯೋ ಇಲ್ಲವೋ, ಟಿ.ವಿ. ವಿಚಾರಿಸುವುದಿಲ್ಲ.

"ಎಷ್ಟಪ್ಪಾ?" ಅಪ್ಪ ಕೇಳಿದರು.

"ಪಿನ್ನಿಗೆ ಹತ್ತು, ನಂಗೆ ಇನ್ನೂರು ಸಾರ್."

"ಬಿಚ್ಚಲೇ ಇಲ್ಲ, ಅದಕ್ಕೆ ಇನ್ನೂರೇ?"

"ಬಿಚ್ಚದೆ ಇದ್ದಿದ್ದಕ್ಕೇ ಸಾರ್ ಇನ್ನೂರು."

ಅವನು ಅತ್ತ ಹೋಗುತ್ತಲೇ ಮಗಳು ತಕರಾರು ತೆಗೆದಳು: "ಅಪ್ಪಾ, ಇನ್ನೂ ಕೀಂಯ್ ಅಂತಿದೆ." ನನಗೆ ಕೇಳಲಿಲ್ಲ, ಅಜ್ಜನಿಗೂ ಇಲ್ಲ; ಅವರು ಮೊಮ್ಮಗಳನ್ನೇ ಅನುಮಾನದಿಂದ ನೋಡಿದರು. ಅವಳು ಹೇಳಿದ್ದು ನಿಜ. ನಮ್ಮ ದೇಶದ ಡಬ್ಬಾ ಟಿ.ವಿ.ಗಳು 625 ಗೆರೆಗಳ ಚಿತ್ರವನ್ನು ಸೆಕೆಂಡಿಗೆ 25 ಸಲ ಬರೆಯುತ್ತವೆ. ಸೆಕೆಂಡಿಗೆ 15,625 ಗೆರೆ. ಒಳಗಿನ ಟ್ರಾನ್ಸ್‌ಫಾರ್ಮರ್ ಅದೇ ಲೆಕ್ಕದಲ್ಲಿ ಕಿರುಗುಟ್ಟುತ್ತದೆ. ಮಕ್ಕಳ ಕಿವಿಗೆ ಅದು ಬೀಳುತ್ತದೆ, ವಯಸ್ಸಾದಂತೆ ಅಷ್ಟು ಕೀರಲು ದನಿ ನಮ್ಮ ಕಿವಿಗೆ ದಕ್ಕುವುದಿಲ್ಲ. ಸ್ಪೀಕರಿನಿಂದ ಬಾರದ ಸದ್ದಿಗೆ ಯಾವ ಪಿನ್ನೂ ನಾಟದು. ಮಗಳು ಓದುವ ಕೋಣೆಯ ಬಾಗಿಲು ಹಾಕಿಕೊಂಡಳು.

ನಿಮ್ಮ ಮನೆಯಲ್ಲೂ ಇಂಥದೊಂದು ಡಬ್ಬ ಗುನುಗುತ್ತಿದ್ದರೆ ಮೊದಲು ಮೆನುವಿನಲ್ಲಿ ಸ್ಪೀಕರ್ ಆಫ್ ಮಾಡುವ ಸಾಲಿದೆಯೇ ನೋಡಿ. ಇಲ್ಲದಿದ್ದರೆ ಹೆಡ್‌ಫೋನಿನ ತೂತು ಹುಡುಕಿ. ಅದೂ ಸಿಗದಿದ್ದರೆ ರಿಪೇರಿಯವನನ್ನು ಕರೆಯಿರಿ. ಅವನು ಬರುವ ತನಕ ಸ್ಕ್ರೂಡ್ರೈವರ್ ಅಕ್ಕಿ ಡಬ್ಬದಲ್ಲೇ ಇರಲಿ.